ಪ್ರತಿ ಸಲ ಅದೇ ಪಾಪ ಹೇಳಿಕೊಳ್ಳುವವರು ಹೇಗೆ ಹೊರಬಂದಿರಿ? ಅನುಭವ ಹೇಳಿ

ಅದೇಹಾಡು:
ಎಲ್ಲರಿಗೂ ನಮಸ್ಕಾರ. ನನ್ನದು ಕೋಪದ ಸಮಸ್ಯೆ. ಅಪ್ಪ ಹಾಸಿಗೆ ಹಿಡಿದಿದ್ದಾರೆ. ರಾತ್ರಿ ಹೊತ್ತು ಮತ್ತೆ ಮತ್ತೆ ಕರೆಯುತ್ತಾರೆ. ಎದ್ದು ಹೋದರೆ ದೊಡ್ಡದೇನೂ ಇರುವುದಿಲ್ಲ, ದಿಂಬು ಸರಿಮಾಡು ಅನ್ನುತ್ತಾರೆ. ಮೊದಲೆರಡು ಸಲ ಸುಮ್ನೆ ಮಾಡಿ ಬರುತ್ತೇನೆ. ಆಮೇಲೆ ಬಾಯಿಗೆ ಬಂದದ್ದು ಅಂದುಬಿಡುತ್ತೇನೆ. ಬೆಳಿಗ್ಗೆ ಅವರ ಮುಖ ನೋಡಲು ಆಗುವುದಿಲ್ಲ. ಪ್ರತಿ ತಿಂಗಳು ಪಾಪನಿವೇದನೆ ಮಾಡುತ್ತೇನೆ, ಅಂದರೆ ಚರ್ಚಿನಲ್ಲಿ ಫಾದರ್ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಕೇಳುತ್ತೇನೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಕಥೆ ನನ್ನದು. ಫಾದರ್ ಕೂಡ ಅದೇ ಪ್ರಾಯಶ್ಚಿತ್ತ ಕೊಡುತ್ತಾರೆ.

ಕೇಳಬೇಕಾದದ್ದು ಇಷ್ಟೇ. ಪಾಪನಿವೇದನೆ ಇನ್ನೂ ಬೇಗ ಬೇಗ ಮಾಡಬೇಕಾ? ದಿನಾ ಬರೆದಿಡುವುದರಿಂದ ಯಾರಿಗಾದರೂ ಉಪಯೋಗ ಆಗಿದೆಯಾ? ಕೋಪ ಬರುವ ಆ ಕ್ಷಣದಲ್ಲಿ ನೀವು ಏನು ಮಾಡುತ್ತೀರಿ? ಧ್ಯಾನಕೂಟಕ್ಕೆ ಹೋಗಿ ಅಂತ ಮಾತ್ರ ಹೇಳಬೇಡಿ. ಒಂದು ರಾತ್ರಿಯೂ ಮನೆ ಬಿಟ್ಟು ಇರುವ ಹಾಗಿಲ್ಲ.

ಚುಕ್ಕಿಪುಸ್ತಕ:
ಬರೆದಿಡಿ. ಬೇರೆ ಮಾತೇ ಇಲ್ಲ.

ನನ್ನದು ಚುಚ್ಚು ಮಾತು. ಆಫೀಸಿನಲ್ಲಿ ಯಾರಾದರೂ ಎಡವಿದರೆ ಸಾಕು, ಎಲ್ಲರೂ ನಗುವ ಹಾಗೆ ಒಂದು ಮಾತು ಎಸೆಯುತ್ತಿದ್ದೆ. ಜನ ನಗುತ್ತಿದ್ದರು. ಅದಕ್ಕೇ ಬಿಡಲು ಆಗುತ್ತಿರಲಿಲ್ಲ. ಕೊನೆಗೆ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ವಿಶೇಷ ಆತ್ಮಶೋಧನೆ ಹಿಡಿದೆ. 1548ರಲ್ಲಿ ಮೂರನೇ ಪೌಲ್ ಪೋಪರು ಒಪ್ಪಿಗೆ ಕೊಟ್ಟ ಅವರ ಆಧ್ಯಾತ್ಮಿಕ ಸಾಧನೆಗಳ ಪುಸ್ತಕದ ಮೊದಲ ಭಾಗದಲ್ಲೇ ಅದಿದೆ. ಎಲ್ಲ ಪಾಪಕ್ಕೂ ಒಟ್ಟಿಗೆ ಕೈ ಹಾಕುವಂತಿಲ್ಲ. ಒಂದೇ ಒಂದು. ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಇದರಿಂದ ದೂರ ಇರುತ್ತೇನೆ ಅಂದುಕೊಳ್ಳುವುದು. ಮಧ್ಯಾಹ್ನ ಊಟ ಆದ ಮೇಲೆ ಗಂಟೆ ಗಂಟೆ ನೆನಪು ಮಾಡಿಕೊಂಡು, ಬಿದ್ದದ್ದಕ್ಕೆಲ್ಲ ಮೇಲಿನ ಗೆರೆಯಲ್ಲಿ ಒಂದೊಂದು ಚುಕ್ಕಿ. ರಾತ್ರಿ ಊಟ ಆದ ಮೇಲೆ ಕೆಳಗಿನ ಗೆರೆಯಲ್ಲಿ. ದಿನಕ್ಕೆ ಎರಡು ಗೆರೆ, ವಾರಕ್ಕೆ ಏಳು ಜೊತೆ. ಮೇಲಿನ ಗೆರೆಗಿಂತ ಕೆಳಗೆ ಕಮ್ಮಿ ಆಯಿತಾ, ನಿನ್ನೆಗಿಂತ ಇವತ್ತು ಹೇಗೆ, ಹೋದ ವಾರಕ್ಕಿಂತ ಈ ವಾರ ಹೇಗೆ ಅಂತ ನೋಡುತ್ತಾ ಹೋಗುವುದು. ಇನ್ನೊಂದಿದೆ. ಬಿದ್ದ ತಕ್ಷಣ ಎದೆ ಮೇಲೆ ಕೈ ಇಡಬೇಕು. ಹತ್ತು ಜನರ ಮಧ್ಯೆ ಇದ್ದರೂ ಯಾರಿಗೂ ಗೊತ್ತಾಗದ ಹಾಗೆ ಇದನ್ನು ಮಾಡಬಹುದು ಅಂತ ಅವರೇ ಬರೆದಿದ್ದಾರೆ.

ಹೇಳಲು ಸುಲಭ. ಪಟ್ಟ ಪಾಡು ಕೇಳಿ. ಮಧ್ಯಾಹ್ನದ ಚುಕ್ಕಿ ಮರೆತೇ ಹೋಗುತ್ತಿತ್ತು. ರಾತ್ರಿ ಎರಡನ್ನೂ ಅಂದಾಜಿನ ಮೇಲೆ ಹಾಕುತ್ತಿದ್ದೆ. ಅಂದಾಜು ಯಾವಾಗಲೂ ನನ್ನ ಕಡೆಗೇ ವಾಲುತ್ತಿತ್ತು. ಸರಿ, ಪುಸ್ತಕವನ್ನು ಆಫೀಸಿಗೇ ಒಯ್ಯಲು ಶುರು ಮಾಡಿದೆ. ಪಕ್ಕದ ಮೇಜಿನವನು ತೆರೆದು ನೋಡಿ, ಏನಪ್ಪಾ ಬೆಟ್ಟಿಂಗಾ ಅಂದ. ಮನೆಯಲ್ಲಿ ಹೆಂಡತಿ ಕೈಗೆ ಸಿಕ್ಕಿತು. ಸಾಲದ ಲೆಕ್ಕ ಅಂದುಕೊಂಡು ರಾತ್ರಿಯೆಲ್ಲ ನಿದ್ದೆ ಕೆಡಿಸಿಕೊಂಡಳು. ಅವಳಿಗೆ ಬಿಡಿಸಿ ಹೇಳುವಾಗ, ಹಾಗಾದರೆ ನನಗೆ ಚುಚ್ಚಿದ್ದು ಯಾವ ಗೆರೆಯಲ್ಲಿದೆ ಅಂತ ಕೇಳಿದಳು. ಮನೆಯದ್ದನ್ನು ನಾನು ಹಾಕಿಯೇ ಇರಲಿಲ್ಲ. ಮತ್ತೆ ಮೊದಲಿನಿಂದ ಶುರು. ಆಗ ಚುಕ್ಕಿ ಕಮ್ಮಿ ಆಗಲಿಲ್ಲ, ಜಾಸ್ತಿ ಆಯಿತು. ಮೊದಲು ಗಮನಕ್ಕೇ ಬಾರದ ಮಾತುಗಳೆಲ್ಲ ಲೆಕ್ಕಕ್ಕೆ ಬಂದವಲ್ಲ. ಬಹಳ ಜನ ಕೈಬಿಡುವುದು ಅಲ್ಲೇ. ಬಾಯಿ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಇನ್ನೊಂದು ಪೆಟ್ಟು. ಊಟದ ಹೊತ್ತಿಗೆ ನನ್ನ ಮೇಜಿಗೆ ಬರುವವರೇ ಕಮ್ಮಿ ಆದರು. ಸಪ್ಪೆ ಆಗಿಬಿಟ್ಟ ಅಂದರು. ಅದನ್ನೂ ನುಂಗಿಕೊಂಡೆ. ಪುಸ್ತಕ ಇವತ್ತಿಗೂ ಜೇಬಲ್ಲಿದೆ.

ಗಂಟುಮನಸ್ಸು:
ದಯವಿಟ್ಟು ಬರೆಯಬೇಡಿ. ಕೈ ಮುಗಿದು ಕೇಳುತ್ತೇನೆ.

ನನ್ನ ಒಳ್ಳೆಯ ವಯಸ್ಸನ್ನು ಇಂಥದ್ದೇ ಪುಸ್ತಕ ತಿಂದುಹಾಕಿತು. ಮೊದಲು ಬರೀ ಗುರುತು. ಆಮೇಲೆ ಗುರುತಿನ ಪಕ್ಕ ಟಿಪ್ಪಣಿ. ಈ ಯೋಚನೆ ತಾನಾಗಿ ಬಂತಾ, ನಾನೇ ಕರೆದೆನಾ? ಬಂದ ಮೇಲೆ ಎಷ್ಟು ಹೊತ್ತು ಇಟ್ಟುಕೊಂಡೆ? ಲಘು ಪಾಪವಾ, ಮಾರಕ ಅಂದರೆ ಗಂಭೀರ ಪಾಪವಾ? ಪಾಪನಿವೇದನೆ ಮುಗಿಸಿ ಚರ್ಚಿನ ಬಾಗಿಲಿಗೆ ಬರುವಷ್ಟರಲ್ಲಿ ಒಂದು ವಿವರ ಬಿಟ್ಟುಹೋಯಿತು ಅನ್ನಿಸುತ್ತಿತ್ತು. ಮತ್ತೆ ಸಾಲಿನ ಕೊನೆಗೆ. ಅದೇ ಫಾದರ್ ಮುಂದೆ ಮತ್ತೆ ಹೋಗಲು ನಾಚಿಕೆ. ಅದಕ್ಕೆ ಬೇರೆ ಚರ್ಚು. ಒಬ್ಬರು ಇದು ಪಾಪವೇ ಅಲ್ಲಮ್ಮಾ ಅಂದರೆ, ಇವರಿಗೆ ನಾನು ಸರಿಯಾಗಿ ಹೇಳಲಿಲ್ಲ ಅಂದುಕೊಂಡು ಇನ್ನೊಬ್ಬರನ್ನು ಹುಡುಕುತ್ತಿದ್ದೆ. ಮಾರಕ ಪಾಪ ಇದ್ದರೆ ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಳ್ಳುವಂತಿಲ್ಲ. ಅದರ ಸಾಲಿನಲ್ಲಿ ಅರ್ಧ ದಾರಿ ಹೋಗಿ ವಾಪಸ್ ಬಂದು ಕೂತದ್ದಕ್ಕೆ ಲೆಕ್ಕವಿಲ್ಲ. ಹಿಂದೆ ನಿಂತವರ ಕಾಲು ತುಳಿದುಕೊಂಡು ಬರಬೇಕು, ಎಲ್ಲರೂ ನೋಡುತ್ತಾರೆ. ಮಗಳ ಪ್ರಥಮ ಪರಮಪ್ರಸಾದದ ದಿನ ಮನೆಯವರೆಲ್ಲ ಎದ್ದು ಹೋದರು. ನಾನು ಬೆಂಚಿನಲ್ಲೇ ಉಳಿದೆ. ಬೆಳಿಗ್ಗೆ ಅವಳ ಜಡೆ ಹಾಕುವಾಗ ಸಿಡುಕಿದ್ದೆ. ಅಷ್ಟೇ. ಅದು ಮಾರಕ ಪಾಪವೋ ಏನೋ ಅಂತ ಹೆದರಿಕೆ.

ಕೊನೆಗೆ ವಯಸ್ಸಾದ ಒಬ್ಬ ಫಾದರ್ ಸಿಕ್ಕರು. ಇನ್ನು ಮುಂದೆ ಒಬ್ಬರ ಹತ್ತಿರ ಮಾತ್ರ ಹೋಗಬೇಕು, ಸಂಶಯ ಇರುವುದನ್ನು ಹೇಳುವಂತಿಲ್ಲ, ಮುಗಿದದ್ದನ್ನು ಮತ್ತೆ ಕೆದಕುವಂತಿಲ್ಲ, ಚೀಟಿ ತರುವಂತಿಲ್ಲ ಅಂದರು. ಸಂತ ಅಲ್ಫೋನ್ಸ್ ಲಿಗೋರಿ ಎಷ್ಟು ದೊಡ್ಡವರು ನೋಡಿ. ಪಾಪನಿವೇದನೆ ಕೇಳುವ ಗುರುಗಳಿಗೆಲ್ಲ ಅವರೇ ಪಾಲಕ ಸಂತರು ಅಂತ 1950ರಲ್ಲಿ ಹನ್ನೆರಡನೇ ಪಿಯುಸ್ ಪೋಪರು ಸಾರಿದರು. ಅಂಥವರಿಗೂ ಈ ಕಾಟ ಇತ್ತು. ಅವರೂ ತಮ್ಮ ಗುರು ಹೇಳಿದ್ದಕ್ಕೆ ತಲೆ ಬಾಗಿಸಿಯೇ ಅದನ್ನು ಎದುರಿಸಿದ್ದು. ನಾನು ಪುಸ್ತಕ ಹರಿದು ಹಾಕಿದೆ. ಹರಿದದ್ದು ಪಾಪವಾ ಅಂತ ಸುಮಾರು ದಿನ ತಲೆ ಕೆಡಿಸಿಕೊಂಡೆ, ಆ ಮಾತು ಬೇರೆ.

ಚುಕ್ಕಿಪುಸ್ತಕ:
ಅಕ್ಕ, ನಿಮ್ಮದು ಕಾಯಿಲೆ. ನನ್ನದು ಅಭ್ಯಾಸ. ಎರಡನ್ನೂ ಕಲಸಬೇಡಿ. ಇಗ್ನೇಷಿಯಸರಿಗೂ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ನಿಮ್ಮಂಥದ್ದೇ ಸಂಶಯ ಕಾಡಿತ್ತು. ಜೀವ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿತ್ತು. ಅದರಿಂದ ಹೊರಬಂದವರೇ ಈ ಚುಕ್ಕಿ ಲೆಕ್ಕ ಕಲಿಸಿದ್ದು. ನಿಮಗೆ ಆಗಿಬರಲಿಲ್ಲ ಅಂತ ಎಲ್ಲರನ್ನೂ ಹೆದರಿಸಿದರೆ ಹೇಗೆ?

ಗಂಟುಮನಸ್ಸು:
ಕಾಯಿಲೆ ಅಂದಿರಾ? ಚುಚ್ಚು ಮಾತು ಹಿಡಿತಕ್ಕೆ ಬಂತು ಅಂದಿರಲ್ಲ. ಇವತ್ತಿನ ಚುಕ್ಕಿ ಹಾಕಿಕೊಳ್ಳಿ.

ಚುಕ್ಕಿಪುಸ್ತಕ:
ಹಾಕಿದೆ.

ಹಿಂದಿನಬೆಂಚು:
ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ಓದುತ್ತಿದ್ದೇನೆ.

ಬಾಟಲಿಬಿಟ್ಟವ:
ಪುಸ್ತಕ ಬೇಕೋ ಬೇಡವೋ ಅನ್ನುವುದು ಹೊಟ್ಟೆ ತುಂಬಿದವರ ಜಗಳ. ನನ್ನದು ಕುಡಿತ.

ಡಬ್ಲಿನ್ನಿನ ಮ್ಯಾಟ್ ಟಾಲ್ಬಟ್ ಕಥೆ ಹೇಳಿ ಹೇಳಿ ನನ್ನ ತಲೆ ತಿಂದಿದ್ದಾರೆ. ಕೂಲಿ ಕೆಲಸ ಮಾಡುತ್ತಿದ್ದವರು. 1884ರಲ್ಲಿ, 28ನೇ ವಯಸ್ಸಿನಲ್ಲಿ, ಮೂರು ತಿಂಗಳು ಕುಡಿಯುವುದಿಲ್ಲ ಅಂತ ಪ್ರತಿಜ್ಞೆ ಮಾಡಿದರು. ಅದನ್ನೇ ಮುಂದುವರಿಸಿದರು. 1925ರಲ್ಲಿ ಪೂಜೆಗೆ ಹೋಗುವಾಗ ದಾರಿಯಲ್ಲೇ ಪ್ರಾಣ ಬಿಟ್ಟರು, ಅಲ್ಲಿಯವರೆಗೂ ಮುಟ್ಟಲಿಲ್ಲ. ದೊಡ್ಡ ಮನುಷ್ಯರು, ಒಪ್ಪಿದೆ. ಆದರೆ ಈ ಕಥೆ ಹೇಳಿ ನನ್ನ ಕೈಯನ್ನು ಬೈಬಲ್ ಮೇಲೆ ಇಡಿಸಿದರು. ಅಮ್ಮನ ಮುಂದೆ ಆಣೆ, ಪೀಠದ ಮುಂದೆ ಆಣೆ, ಮಗುವಿನ ತಲೆ ಮುಟ್ಟಿ ಆಣೆ. ಮುರಿದಾಗಲೆಲ್ಲ ಪಾಪ ಎರಡಾಯಿತು. ಕುಡಿದದ್ದು ಒಂದು, ಆಣೆ ಮುರಿದದ್ದು ಒಂದು. ಆ ನಾಚಿಕೆಗೆ ಮತ್ತೆ ಕುಡಿತ.

ಒಂದು ಸಲ ಹಟ ಹಿಡಿದು ಏಕಾಏಕಿ ನಿಲ್ಲಿಸಿದೆ. ಕೈ ನಡುಕ, ಬೆವರು, ಗೋಡೆ ಮೇಲೆಲ್ಲ ಹುಳು ಹರಿದಂತೆ ಕಾಣುವುದು. ಮನೆಯವರು ದೆವ್ವದ ಕಾಟ ಅಂದುಕೊಂಡು ಪವಿತ್ರ ಜಲ ಚಿಮುಕಿಸಿದರು. ಫಾದರ್‌ಗೆ ಫೋನ್ ಮಾಡಿ ಕರೆಸಿದರು. ಅವರು ಬಂದು ಒಂದು ಸಲ ನನ್ನ ಕಣ್ಣು ನೋಡಿದರು, ಮೊದಲು ಆಸ್ಪತ್ರೆಗೆ ನಡೆಯಿರಿ, ಪ್ರಾರ್ಥನೆ ದಾರಿಯಲ್ಲಿ ಮಾಡೋಣ ಅಂದರು. ಬಹಳ ಕಾಲ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಅಂತ ಡಾಕ್ಟರ್ ಹೇಳಿದ ಮೇಲೆ ಗೊತ್ತಾಯಿತು. ಮಾತ್ರೆ, ಆಮೇಲೆ ಕುಡಿತ ಬಿಡುವವರು ಸೇರುವ ಎ.ಎ. ಸಭೆ, ಜೊತೆಗೆ ಪಾಪನಿವೇದನೆ. ಮೂರೂ ಬೇಕಾಯಿತು.

ಬಾಟಲಿ ಇಡುತ್ತಿದ್ದ ಜಾಗ ಹೇಳುತ್ತೇನೆ, ಮನೆಯಲ್ಲಿ ಇಂಥವರಿದ್ದರೆ ಹುಡುಕಿಕೊಳ್ಳಿ. ನೀರಿನ ಟ್ಯಾಂಕಿನ ಹಿಂದೆ. ಹಳೇ ಬೂಟಿನೊಳಗೆ. ಬಚ್ಚಲಿನ ಅಟ್ಟದ ಮೇಲೆ. ನವೇನ ಪ್ರಾರ್ಥನೆ ಪುಸ್ತಕಗಳ ಪೆಟ್ಟಿಗೆಯಲ್ಲಿ, ಅದನ್ನು ಯಾರೂ ತೆರೆಯುತ್ತಿರಲಿಲ್ಲ. ಕಳೆದುಕೊಂಡದ್ದು ಕೆಲಸ, ಡ್ರೈವಿಂಗ್ ಲೈಸೆನ್ಸ್, ಮುಂದಿನ ಒಂದು ಹಲ್ಲು, ತಂಗಿಯ ಮಾತು. ಕೆಲಸ ವಾಪಸ್ ಸಿಕ್ಕಿತು. ಹಲ್ಲು ಕಟ್ಟಿಸಿದೆ. ತಂಗಿ ಇನ್ನೂ ಮಾತಾಡುವುದಿಲ್ಲ. ಟಾಲ್ಬಟ್ ಜೇಬಲ್ಲಿ ದುಡ್ಡು ಇಟ್ಟುಕೊಂಡು ಓಡಾಡುತ್ತಿರಲಿಲ್ಲವಂತೆ. ಆ ಒಂದು ಬುದ್ಧಿ ಮಾತ್ರ ನನಗೂ ಕೆಲಸಕ್ಕೆ ಬಂತು. ಈಗ ದುಡ್ಡು ಫೋನಿನಲ್ಲೇ ಇರುತ್ತದಲ್ಲ, ಸಂಜೆಯಾದರೆ ಫೋನು ಹೆಂಡತಿ ಕೈಗೆ.

ಪೂಜೆಗೆಮೊದಲು:
ಮಾತ್ರೆಯಿಂದ ಸದ್ಗುಣ ಬರುವುದಿಲ್ಲ ಬ್ರದರ್. ಪೂಜೆ, ಜಪಸರ, ಪಾಪನಿವೇದನೆ ಇಷ್ಟು ಸಾಕು. ನಾನು ಬೆಳಗಿನ ಪೂಜೆ ತಪ್ಪಿಸುವುದಿಲ್ಲ. ಗಂಟೆ ಹೊಡೆಯುವುದಕ್ಕೆ ಮೊದಲೇ ಹೋಗಿ ಮೊಣಕಾಲೂರಿರುತ್ತೇನೆ. ಮಳೆ ಬರಲಿ, ಜ್ವರ ಬರಲಿ. ಮೊಣಕಾಲು ಸವೆದು ಡಾಕ್ಟರ್ ಬೇಡ ಅಂದರೂ ಬಿಟ್ಟಿಲ್ಲ. ಹದಿನೈದು ದಿನಕ್ಕೊಮ್ಮೆ ಪಾಪನಿವೇದನೆ. ಜನ ಏನಂತಾರೆ? ವರ್ಷಕ್ಕೊಮ್ಮೆ ಮಾಡಿದರೆ ಸಾಕು, 1215ರಲ್ಲಿ ಬಿಷಪ್‌ಗಳು ಸೇರಿದ ಲ್ಯಾಟರನ್ ಮಹಾಸಭೆಯೇ ಹೇಳಿದೆ ಅಂತಾರೆ. ಅದು ಕನಿಷ್ಠ ಕಣ್ರೀ. ಗಂಭೀರ ಪಾಪಕ್ಕೆ ಹಾಕಿದ ಕೊನೆಯ ಗಡಿ. ದಿನನಿತ್ಯದ ಲಘು ಪಾಪಗಳನ್ನೂ ಆಗಾಗ ಹೇಳಿಕೊಳ್ಳುವುದು ಒಳ್ಳೆಯದು, ಅದರಿಂದ ಕೆಟ್ಟ ಚಾಳಿಯ ಜೊತೆ ಹೋರಾಡಲು ಬಲ ಬರುತ್ತದೆ ಅಂತ ಧರ್ಮಸಭೆಯ ಬೋಧನೆಯ ಪುಸ್ತಕ ಕ್ಯಾಟೆಕಿಸಂನ 1458ನೇ ಪರಿಚ್ಛೇದದಲ್ಲಿದೆ. ನನಗೂ ಸಿಟ್ಟಿತ್ತು. ತಾನಾಗಿ ಹೋಯಿತು.

ಬಾಟಲಿಬಿಟ್ಟವ:
ಅದೇ ಕ್ಯಾಟೆಕಿಸಂನಲ್ಲಿ 1735 ಕೂಡ ಇದೆ. ಅದನ್ನೂ ಓದಿ. ಚಟ, ಭಯ, ಮನಸ್ಸಿನ ತೊಂದರೆ ಇವುಗಳಿಂದ ಮಾಡಿದ ಕೆಲಸದ ಹೊಣೆ ಕಮ್ಮಿ ಆಗಬಹುದು, ಇಲ್ಲವೇ ಆಗಬಹುದು ಅಂತ. ನನಗೆ ಬಲ ಬೇಕಿತ್ತು ನಿಜ, ಮೊದಲು ಉಸಿರು ಉಳಿಯಬೇಕಿತ್ತು. ಇನ್ನು ನಿಮ್ಮ ಸಿಟ್ಟು ಹೋಗಿದೆಯೋ ಇಲ್ಲವೋ ನಿಮ್ಮ ಮನೆಯವರನ್ನು ಕೇಳಿ ಬರೆಯಿರಿ.

ಪೂಜೆಗೆಮೊದಲು:
ಮನೆಯವರ ವಿಷಯ ಇಲ್ಲಿ ಯಾಕೆ? ಸದ್ಗುಣ ಅನ್ನುವುದು ದೇವರು ಸುರಿಯುವ ವರ. ಸಂತ ಥಾಮಸ್ ಅಕ್ವಿನಾಸ್ ಓದಿ. ಎ.ಎ. ಸಭೆಯಲ್ಲಿ ಕೂತು ಕಥೆ ಹೇಳಿದರೆ ಪಾಪ ಕ್ಷಮೆ ಆಗುತ್ತದೆಯಾ?

ಬಾಟಲಿಬಿಟ್ಟವ:
ಆಗುತ್ತದೆ ಅಂತ ಯಾರು ಅಂದರು? ಅದಕ್ಕೇ ಪಾಪನಿವೇದನೆಯೂ ಅಂತ ಬರೆದೆ. ಓದುವ ಮೊದಲೇ ಉತ್ತರ ಕೊಡುವುದೂ ಒಂದು ಚಟ.

ಚುಕ್ಕಿಪುಸ್ತಕ:
ಅಕ್ವಿನಾಸ್ ಎರಡೂ ಹೇಳಿದ್ದಾರೆ. ಅಭ್ಯಾಸದಿಂದ ಬರುವ ಸದ್ಗುಣ ಇದೆ, ದೇವರು ಸುರಿಯುವ ಸದ್ಗುಣವೂ ಇದೆ. ಕ್ಯಾಟೆಕಿಸಂ 1810 ನೋಡಿ. ಶಿಕ್ಷಣ, ಬೇಕೆಂದೇ ಮಾಡುವ ಕೆಲಸ, ಬಿಡದ ಪ್ರಯತ್ನ, ಇವುಗಳಿಂದ ಬಂದ ಗುಣವನ್ನು ಕೃಪೆ ಶುದ್ಧಮಾಡಿ ಎತ್ತುತ್ತದೆ. ಸುಮ್ನೆ ಮೊಣಕಾಲೂರಿ ಕೂತರೆ ಬಾಯಿ ತಾನಾಗಿ ಮುಚ್ಚುವುದಿಲ್ಲ.

ಪೂಜೆಗೆಮೊದಲು:
ಸುಮ್ನೆ ಮೊಣಕಾಲೂರಿ ಅಂದಿರಲ್ಲ, ಅದಕ್ಕೂ ಒಂದು ಚುಕ್ಕಿ.

ಅದೇಹಾಡು:
ಎಲ್ಲರಿಗೂ ಧನ್ಯವಾದ. ರಾತ್ರಿ ಅಪ್ಪ ಕರೆದಾಗ, ಆ ಹೊತ್ತಿಗೆ, ಅಷ್ಟು ನಿದ್ದೆಗಣ್ಣಿನಲ್ಲಿ ಏನು ಮಾಡಬಹುದು ಅಂತ ಯಾರಾದರೂ ಹೇಳುತ್ತೀರಾ?

ದಿಂಬುಪಕ್ಕ:
ನಾನು ಹೇಳುತ್ತೇನೆ. ನಮ್ಮ ಅತ್ತೆಗೆ ನೆನಪು ಹೋಗಿತ್ತು. ಮಗ ಯಾವಾಗ ಬರುತ್ತಾನೆ ಅಂತ ಕೇಳುವುದು. ಮಗ ಪಕ್ಕದಲ್ಲೇ ಕೂತಿರುತ್ತಿದ್ದರು. ಹೇಳಿದರೆ ಸರಿ ಅನ್ನುವುದು, ಒಂದು ಗಳಿಗೆ ಬಿಟ್ಟು ಮತ್ತೆ ಅದೇ. ರಾತ್ರಿ ಎದ್ದು ಕದದ ಚಿಲಕ ಆಡಿಸುತ್ತಿದ್ದರು. ಟಕ್ ಟಕ್ ಅಂತ. ಆ ಸದ್ದು ಈಗಲೂ ನನಗೆ ಆಗುವುದಿಲ್ಲ. ಲಿಸ್ಯೂವಿನ ಸಂತ ತೆರೇಸಾ ಮಠದಲ್ಲಿ ಪ್ರಾರ್ಥನೆಯ ಹೊತ್ತಿಗೆ ಹಿಂದೆ ಕೂತ ಸಿಸ್ಟರ್ ಒಬ್ಬರು ಬಿಡದೆ ಏನೋ ಸದ್ದು ಮಾಡುತ್ತಿದ್ದರಂತೆ. ತೆರೇಸಾ ಬೆವರು ಬಿಟ್ಟುಕೊಂಡು ಅದನ್ನು ಸಹಿಸಿದರು, ಕೊನೆಗೆ ಅದನ್ನೇ ಸಂಗೀತ ಅಂದುಕೊಂಡು ದೇವರಿಗೆ ಒಪ್ಪಿಸಿದರು. ನನಗೆ ಚಿಲಕ ಸಂಗೀತ ಆಗಲಿಲ್ಲ.

ನನಗೆ ದಾರಿ ತೋರಿಸಿದವರು ಸಂತ ಫ್ರಾನ್ಸಿಸ್ ದ ಸಾಲ್. ಹುಟ್ಟಾ ಮುಂಗೋಪದ ಸ್ವಭಾವ ಅವರದ್ದು ಅಂತಾರೆ, ಆದರೂ ಸೌಮ್ಯತೆಗೇ ಹೆಸರಾದರು. 1609ರಲ್ಲಿ ಬಂದ ಅವರ ಪುಸ್ತಕದಲ್ಲಿ ಎರಡು ವಿಷಯ ಇದೆ. ಒಂದು, ಸಿಟ್ಟಾದೆ ಅಂತ ಗೊತ್ತಾದ ಕೂಡಲೇ ಅದೇ ಮನುಷ್ಯರಿಗೆ ಮೃದುವಾದ ಒಂದು ಕೆಲಸ ಮಾಡಿಬಿಡುವುದು. ತಡ ಮಾಡಬಾರದು. ಇನ್ನೊಂದು, ಸಿಟ್ಟು ಬಂತಲ್ಲಾ ಅಂತ ನಮ್ಮ ಮೇಲೆ ನಾವೇ ಸಿಟ್ಟಾಗಬಾರದು. ಮೊದಲನೆಯದನ್ನು ಹಿಡಿದೆ. ಕೂಗಾಡಿದ ಮೇಲೆ ಹೊರಗೆ ಹೋಗುವ ಬದಲು ಅಲ್ಲೇ ನಿಂತು ಅವರ ಪಾದಕ್ಕೆ ಬೆಚ್ಚಗಿನ ಬಟ್ಟೆ ಸುತ್ತುತ್ತಿದ್ದೆ. ಪಾದ ಯಾವಾಗಲೂ ತಣ್ಣಗಿರುತ್ತಿತ್ತು. ಅವರಿಗೆ ನಾನು ಕೂಗಿದ್ದು ಆಗಲೇ ಮರೆತುಹೋಗಿರುತ್ತಿತ್ತು, ಬಟ್ಟೆ ಸುತ್ತಿದ್ದಕ್ಕೆ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ದಿಂಬು ಅಂದಿರಲ್ಲ, ದಿಂಬಿನ ಕೆಲಸ ಅಲ್ಲ ಅದು, ಮನುಷ್ಯರು ಹತ್ತಿರ ಬೇಕು ಅಷ್ಟೇ. ನಿಮ್ಮ ಹಾಸಿಗೆಯನ್ನೇ ಅವರ ಕೋಣೆಗೆ ಹಾಕಿಕೊಳ್ಳಿ.

ಆದರೆ ನನ್ನ ಸಿಟ್ಟು ಅತ್ತೆ ಮೇಲಿನದ್ದಾಗಿರಲಿಲ್ಲ. ಮೈದುನನ ಮೇಲಿನದ್ದು. ತಿಂಗಳಿಗೊಮ್ಮೆ ಜಪಸರ ಹಿಡಿದು ಬರುತ್ತಿದ್ದ. ಅಮ್ಮನ ಪಕ್ಕ ಕೂತು ಕಣ್ಣು ಮುಚ್ಚಿ ಪ್ರಾರ್ಥನೆ. ಅತ್ತಿಗೆ, ನಿಮ್ಮದು ದೊಡ್ಡ ಪುಣ್ಯ ಅನ್ನುವುದು, ಚಪ್ಪಲಿ ಮೆಟ್ಟಿ ಹೋಗುವುದು. ಅವನಿಗೂ ಪುಣ್ಯ ಬೇಕಲ್ವಾ? ಒಂದು ರಾತ್ರಿ ಬಂದು ಮಲಗು ಅಂದರೆ ಅವನಿಗೆ ಬೆನ್ನುನೋವು. ಕಾರಿನಲ್ಲಿ ಊರೂರು ಸುತ್ತಲು ಬೆನ್ನು ಸರಿಯಿತ್ತು. ಪಾಪನಿವೇದನೆಯಲ್ಲಿ ಸಿಟ್ಟು ಸಿಟ್ಟು ಅಂತ ಹೇಳಿಕೊಳ್ಳುತ್ತಿದ್ದಾಗ ಫಾದರ್ ಕೇಳಿದರು, ತಾಳ್ಮೆ ಮಾತ್ರ ಸದ್ಗುಣವಾ, ನ್ಯಾಯ ಅಲ್ವಾ ಅಂತ. ನಾಲ್ಕು ಮೂಲ ಸದ್ಗುಣಗಳಲ್ಲಿ ಅದೂ ಒಂದು ತಾನೇ? ಅನ್ಯಾಯ ಕಂಡು ಬರುವ ಸಿಟ್ಟೆಲ್ಲ ಪಾಪ ಅಲ್ಲ ಅಂತ ಅಕ್ವಿನಾಸರೂ ಹೇಳಿದ್ದಾರೆ, ಮೇಲಿನವರು ಅವರನ್ನು ಓದಿ ಅಂದರಲ್ಲ. ಮನೆಗೆ ಬಂದು ಮೈದುನನಿಗೆ ಪಾಳಿ ಹಾಕಿಕೊಟ್ಟೆ. ದೊಡ್ಡ ರಂಪ ಆಯಿತು. ಮನೆಯ ಎರಡು ಶುಭ ಸಮಾರಂಭಕ್ಕೆ ನಮ್ಮನ್ನು ಕರೆಯಲಿಲ್ಲ. ಅತ್ತೆಯ ಅಂತ್ಯಕ್ರಿಯೆಯಲ್ಲಿ ಅವನೇ ಎಲ್ಲರಿಗಿಂತ ಜೋರಾಗಿ ಅತ್ತ.

ಪೂಜೆಗೆಮೊದಲು:
ಹೆತ್ತವರ ಸೇವೆಗೆ ಪಾಳಿ ಹಾಕುತ್ತಾರಾ? ಮಾಡಿದ್ದನ್ನು ಹೇಳಿಕೊಂಡರೆ ಫಲ ಹೋಯಿತು. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು.

ದಿಂಬುಪಕ್ಕ:
ಬೆಳಗಿನ ಪೂಜೆ, ಗಂಟೆಗೆ ಮೊದಲು, ಮಳೆ, ಜ್ವರ, ಸವೆದ ಮೊಣಕಾಲು. ಇದನ್ನೆಲ್ಲ ನಮಗೆ ತಿಳಿಸಿದ್ದು ಯಾವ ಕೈ? ನೀವು ಚರ್ಚಿಗೆ ಹೋದ ಹೊತ್ತಿಗೆ ಮನೆಯಲ್ಲಿ ಒಲೆ ಮುಂದೆ ಯಾರಿರುತ್ತಾರೆ ಅದನ್ನೂ ಹೇಳಿ.

ಬಾಟಲಿಬಿಟ್ಟವ:
ಹಾಗೆ ಕೇಳಿ ಅಕ್ಕ.

ಅದೇಹಾಡು:
ಹಾಸಿಗೆಯನ್ನು ಅಪ್ಪನ ಕೋಣೆಗೆ ಹಾಕಬಹುದು. ಆದರೆ ಅವರ ಕೆಮ್ಮಿಗೆ ನನಗೆ ಒಂದು ಚೂರೂ ನಿದ್ದೆ ಆಗುವುದಿಲ್ಲ. ಬೆಳಿಗ್ಗೆ ಕೆಲಸ ಇರುತ್ತದೆ. ಅದಕ್ಕೆ ಏನು ಮಾಡುವುದು?

ಬಾಯಿಗೆಬೀಗ:
ಸಿಟ್ಟು, ಕುಡಿತ ಇವೆಲ್ಲ ಕಣ್ಣಿಗೆ ಕಾಣುವ ಪಾಪ. ಕಾಣದೇ ಇರುವುದು ಚಾಡಿ. ಗಾಯನ ವೃಂದದಲ್ಲಿ ನಾನು ಮೊದಲ ಸಾಲಿನವಳು. ಅಭ್ಯಾಸ ಅಂತ ಸೇರುತ್ತಿದ್ದೆವು. ಅರ್ಧ ಹೊತ್ತು ಹಾಡು, ಅರ್ಧ ಹೊತ್ತು ಯಾರ ಮಗಳು ಯಾರ ಜೊತೆ, ಯಾರ ಮನೆಯಲ್ಲಿ ಯಾಕೆ ದೀಪ ಇಲ್ಲ. ನಾನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನ ಹೆಮ್ಮೆ. ನಿಜವಾದದ್ದನ್ನು ಮಾತ್ರ ಹೇಳುತ್ತಿದ್ದೆ.

ಒಬ್ಬ ಹೆಂಗಸಿನ ಮನೆಯ ವಿಷಯ ನನ್ನ ಬಾಯಿಂದ ಹೊರಬಿತ್ತು. ಅವರು ಧರ್ಮಕೇಂದ್ರವನ್ನೇ ಬಿಟ್ಟು ಹೋದರು. ಪಾಪನಿವೇದನೆಯಲ್ಲಿ ಹೇಳಿದೆ, ನಿಜವನ್ನೇ ಹೇಳಿದ್ದು ಫಾದರ್ ಅಂದೆ. ಸುಳ್ಳು ಹೇಳಿ ಹೆಸರು ಕೆಡಿಸುವುದು ಒಂದು ಪಾಪ, ಸರಿಯಾದ ಕಾರಣವಿಲ್ಲದೆ ಇನ್ನೊಬ್ಬರ ನಿಜವಾದ ತಪ್ಪನ್ನು ಗೊತ್ತಿಲ್ಲದವರಿಗೆ ತಿಳಿಸುವುದು ಇನ್ನೊಂದು ಪಾಪ ಅಂದರು. ಕ್ಯಾಟೆಕಿಸಂ 2477. ಅಷ್ಟಕ್ಕೇ ಬಿಡಲಿಲ್ಲ. ಕ್ಷಮೆ ಸಿಕ್ಕಿದರೂ ಹಾಳಾದ ಹೆಸರನ್ನು ಸರಿಪಡಿಸುವ ಹೊಣೆ ಹಾಗೇ ಇರುತ್ತದೆ, ಅದು 2487ರಲ್ಲಿದೆ. ಯಾರು ಯಾರಿಗೆ ಹೇಳಿದೆಯೋ ಅವರ ಹತ್ತಿರ ಹೋಗು ಅಂದರು.

ಹೋದೆ. ಒಂದೊಂದು ಮನೆಗೂ. ಏನು ಹೇಳುವುದು? ನಾನು ಹೇಳಿದ್ದು ಸುಳ್ಳು ಅನ್ನುವಂತಿಲ್ಲ, ಅದು ನಿಜ. ಅವರ ಬಗ್ಗೆ ಹಾಗೆ ಹೇಳಬಾರದಿತ್ತು, ಅವರು ಎಷ್ಟು ಒಳ್ಳೆಯವರು ಗೊತ್ತಾ ಅಂತ ಶುರು ಮಾಡುತ್ತಿದ್ದೆ. ಕೇಳುವವರು ಕುರ್ಚಿ ಹತ್ತಿರ ಎಳೆದುಕೊಂಡು, ಯಾಕೆ, ಮತ್ತೇನಾಯಿತು ಅನ್ನುತ್ತಿದ್ದರು. ಇಬ್ಬರಿಗೆ ನಾನು ಹೇಳಿದ್ದು ಮರೆತೇ ಹೋಗಿತ್ತು, ನಾನು ಹೋದದ್ದರಿಂದ ನೆನಪಾಯಿತು. ಒಬ್ಬರಿಗೆ ನಾನು ಹೇಳಿಯೇ ಇರಲಿಲ್ಲವಂತೆ! ಗಾಯನ ವೃಂದದಲ್ಲಿ ಈಗ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಹಿಂದಿನ ಸಾಲಿಗೆ ಬಂದಿದ್ದೇನೆ. ಮನೆಯಲ್ಲಿ ಬೈದರೆ ಮನೆಯಲ್ಲೇ ಸರಿಹೋಗುತ್ತದೆ, ಅದೇಹಾಡು ಅವರೇ. ನಿಮ್ಮದು ಎಷ್ಟೋ ವಾಸಿ.

ಮೂರನೇಸ್ವರ:
ನಿಜ ಹೇಳಿದರೂ ಪಾಪ ಅಂದರೆ ತಪ್ಪು ಮಾಡಿದವರಿಗೆಲ್ಲ ಹಬ್ಬ. ಗಾಯನ ವೃಂದದ ಹಣ ಯಾರಾದರೂ ನುಂಗಿದರೆ ಬಾಯಿ ಮುಚ್ಚಿಕೊಂಡು ಇರಬೇಕಾ?

ಬಾಯಿಗೆಬೀಗ:
ಸರಿಯಾದ ಕಾರಣವಿಲ್ಲದೆ ಅಂತ ಬರೆದಿದ್ದೇನೆ. ಹಣ ನುಂಗಿದರೆ ಲೆಕ್ಕ ನೋಡುವವರಿಗೆ ಹೇಳಿ. ಕೆಳದನಿಯ ಆಲ್ಟೋ ಹಾಡುವವರಿಗೆ ಯಾಕೆ?

ಮೂರನೇಸ್ವರ:
ಆಲ್ಟೋ ಹಾಡುವವರು ಏನು ಮಾಡಿದರು ನಿಮಗೆ? ಮೊದಲ ಸಾಲಿನವರದ್ದು ಯಾವಾಗಲೂ ಇದೇ ದರ್ಪ.

ಬಾಯಿಗೆಬೀಗ:
ಹಿಂದಿನ ಸಾಲು ಅಂತ ಈಗ ತಾನೇ ಹೇಳಿದೆ. ಇರಲಿ. ಹೋದ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮೊದಲಿನ 40 ದಿನದ ವ್ರತದಲ್ಲಿ, ಬೇರೇನೂ ಬಿಡಲಿಲ್ಲ, ಇದೊಂದನ್ನೇ ಬಿಟ್ಟೆ. ಊಟ ಬಿಡುವುದಕ್ಕಿಂತ ಕಷ್ಟ. ಪರವೂರಿನ ಅಕ್ಕ ಫೋನ್ ಮಾಡಿದರೆ ಮಾತಾಡಲು ವಿಷಯವೇ ಇರುತ್ತಿರಲಿಲ್ಲ. ಹವಾಮಾನ ಹೇಳಿ ಇಟ್ಟುಬಿಡುತ್ತಿದ್ದೆ. ಭಾನುವಾರ ಮಾತ್ರ ಸ್ವಲ್ಪ ಸಡಿಲ ಬಿಟ್ಟುಕೊಂಡೆ, ಭಾನುವಾರ ಲೆಕ್ಕಕ್ಕಿಲ್ಲವಲ್ಲ.

ಚುಕ್ಕಿಪುಸ್ತಕ:
ಏನಂದಿರಿ? ಭಾನುವಾರ ಚಾಡಿಗೆ ರಜೆಯಾ? ಬೂದಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ 46 ದಿನ, ಆರು ಭಾನುವಾರ ತೆಗೆದರೆ 40, ಅದು ಸರಿ. ಭಾನುವಾರ ಉಪವಾಸ ಇಲ್ಲ ಅನ್ನುವುದೂ ಹಳೇ ಪದ್ಧತಿ. ಆದರೆ ಅದು ಊಟದ ಮಾತು. ಪಾಪ ಯಾವ ದಿನವೂ ಮಾಡುವಂತಿಲ್ಲ.

ಮೂರನೇಸ್ವರ:
46 ಎಲ್ಲಿಂದ ಬಂತು? ಧರ್ಮಸಭೆಯ ಪಂಚಾಂಗದ 1969ರ ನಿಯಮದ ಪ್ರಕಾರ ತಪಸ್ಸು ಕಾಲ ಪವಿತ್ರ ಗುರುವಾರ ಸಂಜೆಯ ಪೂಜೆಗೆ ಮೊದಲೇ ಮುಗಿಯುತ್ತದೆ. ಎಣಿಸಿ ನೋಡಿ, ಆ ಗುರುವಾರವೂ ಸೇರಿ 44. ಮತ್ತೆ ಆ ಭಾನುವಾರಗಳಿಗೆ ತಪಸ್ಸು ಕಾಲದ ಮೊದಲ ಭಾನುವಾರ, ಎರಡನೇ ಭಾನುವಾರ ಅಂತಲೇ ಹೆಸರಿದೆ. ಅವು ಹೇಗೆ ಲೆಕ್ಕಕ್ಕಿಲ್ಲ?

ಚುಕ್ಕಿಪುಸ್ತಕ:
ಹಾಗಾದರೆ 40 ಹೇಗೆ ಬರುತ್ತದೆ ನೀವೇ ಹೇಳಿ.

ಗಂಟುಮನಸ್ಸು:
ಇವರಿಗೆ ಎಣಿಸಲು ಏನಾದರೂ ಬೇಕು.

ಬಾಯಿಗೆಬೀಗ:
ಭಾನುವಾರ ನಾನು ಬಾಯಿ ಬಿಟ್ಟದ್ದು ಕೀಬೋರ್ಡ್ ನುಡಿಸುವವರ ವಿಷಯ ಮಾತ್ರ. ಅದೂ ಅವರೇ ಎಲ್ಲರಿಗೂ ಕೇಳುವ ಹಾಗೆ ಜಗಳ ಆಡಿದ್ದರಿಂದ.

ಮೂರನೇಸ್ವರ:
ಯಾರ ಜೊತೆ ಜಗಳ?

ಬಾಯಿಗೆಬೀಗ:
ನಿಮಗೆ ಯಾಕೆ? ಲೆಕ್ಕ ನೋಡುವವರಾ ನೀವು?